ಬಿಟ್ಟು ಓದಿದ ಪುಟ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಊರೂರು ಪುಸ್ತಕ ಮಾರೋ ನನ್ನನ್ನ ಸಾಸ್ವೆಹಳ್ಳಿ ಲೈಬ್ರರಿಯ ಮೇಡಂ ಒಂದಿನ ಊರವರಿಗೆ ಪುಸ್ತಕ ಓದಿ ಪಾಠ ಹೇಳೋಕೆ ಕೂರಿಸಿಬಿಟ್ಟರು. ಬರಬೇಕಿದ್ದ ಮೇಷ್ಟ್ರು ಬಂದಿರಲಿಲ್ಲ. ಪಾಠ ಹೇಳಬೇಕಾದ್ದು ನಾನೇ ಮಾರೋಕೆ ತಂದಿದ್ದ ಪುಸ್ತಕ: ಮರದಿಂದ ಬಿದ್ದು ಸೊಂಟ ಮುರಿದುಕೊಂಡವನೊಬ್ಬ ದೇವರನ್ನು ನಂಬಿ ಮತ್ತೆ ಬದುಕು ಕಟ್ಟಿಕೊಂಡ ಆತ್ಮಕಥೆ.

ಮುಂದಿನ ಸಾಲಲ್ಲೇ ವೀಲ್‌ಚೇರಿನಲ್ಲಿ ರುದ್ರಣ್ಣ ಕೂತಿದ್ದರು. ಅಡಿಕೆ ಕೊಯ್ಯುವಾಗ ಬಿದ್ದವರು. "ಅಣ್ಣಾ, ಬಿದ್ದಾಗಿಂದ ಇವರು ಬಾಯೇ ಬಿಟ್ಟಿಲ್ಲ. ಇವತ್ತಾದ್ರೂ ಮಾತಾಡಂಗೆ ಮಾಡ್ರಿ" ಅಂತ ಅವರ ಹೆಂಡತಿ ಬಾಗಿಲಲ್ಲೇ ನನ್ನ ಹತ್ತಿರ ಅಂದಿದ್ದರು.

ಮರದಿಂದ ಬೀಳುವ ಪುಟ ಬಂದಾಗ ರುದ್ರಣ್ಣನವರ ಕಡೆ ನೋಡಿದೆ. ಎರಡು ಹಾಳೆ ಒಟ್ಟಿಗೆ ತಿರುವಿ, ಅವನು ಕೋಲೂರಿಕೊಂಡು ಗುಡಿಗೆ ಹೋದಲ್ಲಿಂದ ಓದಿದೆ.

"ಏನ್ ಸ್ವಾಮಿ, ಬೀಳೋಕೆ ಮುಂಚೇನೇ ಎದ್ದು ಗುಡಿಗೆ ಹೋದ್ನಾ? ಬಿದ್ದಿದ್ದು ಓದ್ರಿ" ಅಂದರು ರುದ್ರಣ್ಣ.

ಹಾಳೆ ಹಿಂದಕ್ಕೆ ತಿರುವಿ ಓದಿದೆ. ಬೀಳುವಾಗ ದೇವರ ಹೆಸರು ಕೂಗಿದೆ ಅಂತ ಅದರಲ್ಲಿತ್ತು.

"ಸುಳ್ಳು! ಕೂಗಾಕೆ ಟೈಮೆಲ್ಲೈತೆ? ನಾನು ದಿನಾ ಮರ ಮುಟ್ಟಿ ಕೈಮುಗಿದೇ ಹತ್ತುತಿದ್ದೆ. ಅವತ್ತೂ ಮುಗಿದಿದ್ದೆ. ದೇವರ ಮೇಲೆ ಇವನಿಗೆ ಸಿಟ್ಟು ಬಂದಿದ್ದು ಯಾವ ಪುಟದಾಗೈತೆ, ಹುಡುಕ್ರಿ."

ಹುಡುಕಿದೆ. ಎಲ್ಲೂ ಇರಲಿಲ್ಲ. ಇಲ್ಲ ಅಂತಲೇ ಹೇಳಿದೆ. ಪುಸ್ತಕದಲ್ಲಿಲ್ಲದ ಆ ಪುಟವನ್ನು ರುದ್ರಣ್ಣ ತಾವೇ ಸಂಜೆತನಕ ಹೇಳಿದರು. ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದರು.

ಅವತ್ತು ಆ ಪುಸ್ತಕ ಒಂದೂ ಮಾರಾಟವಾಗಲಿಲ್ಲ.