ಗುಲಾಮ್ ದಸ್ತಗೀರ್ ಕೂಗದೆ ಬಿಟ್ಟ ಸರ್ವಿಸ್

ಗುಲಾಮ್ ದಸ್ತಗೀರ್ ತನ್ನ ಜೀವಮಾನದಲ್ಲಿ ಒಮ್ಮೆಯೂ ವಾಲಿಬಾಲ್ ಚೆಂಡನ್ನು ನೆಟ್ ದಾಟಿಸಿದವನಲ್ಲ. ಹಾಗಿದ್ದೂ ಎಪ್ಪತ್ತರ ದಶಕದಲ್ಲಿ ಮಾನ್ವಿಯ ತಂಡ ಗೆದ್ದ ಪಂದ್ಯಗಳಲ್ಲಿ ಅರ್ಧದಷ್ಟನ್ನು ಅವನೇ ಗೆಲ್ಲಿಸಿದ್ದೆಂದು ಊರು ನಂಬಿತ್ತು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಂದ್ಯಗಳಿಗೆ ಅಂಕ ಬರೆಯುವ ಕೆಲಸ ನನ್ನದು. ಅರ್ಧ ಎನ್ನುವುದು ಹೆಚ್ಚಾಯಿತು. ನಾಲ್ಕರಲ್ಲಿ ಒಂದು ಎಂದರೆ ಒಪ್ಪುತ್ತೇನೆ.

ಅವನು ತರಕಾರಿ ಮಾರುಕಟ್ಟೆಯಲ್ಲಿ ಸವಾಲು ಕೂಗುವವನು. ರೈತರು ಚಕ್ಕಡಿಯಲ್ಲಿ ತಂದು ಸುರಿದ ಉಳ್ಳಾಗಡ್ಡಿ, ಬದನೆಕಾಯಿಗಳ ರಾಶಿಯ ಮುಂದೆ ನಿಂತು, ಬೆಲೆ ಏರಿಸುತ್ತ ಹೋಗಿ, ಕೊನೆಗೆ "ಒಂದ್ಸಲ, ಎರಡ್ಸಲ, ಮೂರ್ಸಲ" ಎಂದು ಮುಗಿಸುತ್ತಿದ್ದ. ಆ ಬೆಲೆ ಬಸ್ ನಿಲ್ದಾಣದಲ್ಲಿ ನಿಂತವರಿಗೂ ಗೊತ್ತಾಗುತ್ತಿತ್ತು. ಆಳು ಸಣ್ಣವನು, ತೆಳ್ಳಗಿನವನು. ಆ ಎದೆಗೂಡಿನಲ್ಲಿ ಅಷ್ಟು ಗಾಳಿ ಎಲ್ಲಿ ಹಿಡಿಯುತ್ತದೆಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಚಳಿಗಾಲದಲ್ಲಿ ಹೈಸ್ಕೂಲ್ ಮೈದಾನದಲ್ಲಿ ಮೂರು ದಿನದ ವಾಲಿಬಾಲ್ ಟೂರ್ನಮೆಂಟ್ ನಡೆಯುತ್ತಿತ್ತು. ಆಗ ಅವನು ಕಾಂಪೌಂಡ್ ಗೋಡೆಯ ಮೇಲೆ ಕುಳಿತು ಅದೇ ದನಿಯನ್ನು ಎದುರು ತಂಡದ ಮೇಲೆ ಬಿಡುತ್ತಿದ್ದ. ಬೈಗುಳ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಸರ್ವಿಸ್ ಮಾಡಲು ತಡಮಾಡಿದವನಿಗೆ, "ತಮ್ಮಾ, ಅದು ಕುಂಬಳಕಾಯಿ ಅಲ್ಲ. ತೂಕ ನೋಡಬ್ಯಾಡ, ಹೊಡಿ" ಎನ್ನುವನು. ಒಮ್ಮೆ ದೇವದುರ್ಗದ ಹತ್ತಿರದ ಜಾಲಹಳ್ಳಿಯ ಆಟಗಾರನೊಬ್ಬ ಚೆಂಡು ತಾನಾಗಿ ಬರಲೆಂದು ನಿಂತಲ್ಲೇ ನಿಂತಿದ್ದಾಗ, "ಜಾಲಹಳ್ಳಿ ಬಸ್ಸು ಹೋತಪಾ, ಇನ್ನ ನಾಳಿಗೇ" ಎಂದ. ಮೈದಾನವೆಲ್ಲ ನಕ್ಕಿತು. ಆ ಆಟಗಾರನೂ ನಕ್ಕ. ನಗುತ್ತಲೇ ಮುಂದಿನ ಮೂರು ಚೆಂಡು ಕೈಬಿಟ್ಟ.

ಈ ದನಿಗೆ ಬಗ್ಗದವನು ಒಬ್ಬನೇ, ರಾಯಚೂರು ತಂಡದ ಜಿಲಾನಿ ಪಾಷಾ. ಯಾಪಲದಿನ್ನಿಯಲ್ಲಿ ಹುಟ್ಟಿ, ರಾಯಚೂರಿನ ಒಂದು ಎಣ್ಣೆ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದ. ಆರಡಿಗಿಂತ ಎತ್ತರ, ಉದ್ದನೆಯ ಕುತ್ತಿಗೆ. ಅವನು ನೆಟ್ಟಿನ ಮೇಲಿಂದ ಬಡಿದ ಚೆಂಡನ್ನು ಎತ್ತಿದವರು ನಮ್ಮ ತಂಡದಲ್ಲಿ ಇರಲಿಲ್ಲ. ಮೂರು ವರ್ಷ ಸತತವಾಗಿ ಶೀಲ್ಡನ್ನು ರಾಯಚೂರಿಗೆ ಒಯ್ದವನು ಅವನೇ. ದಸ್ತಗೀರ್ ಅವನಿಗೆ ಒಂಟೆ ಎಂದು ಹೆಸರಿಟ್ಟು, ಎಲೆ ತಿನ್ನಲು ಮರ ತೋರಿಸಿ, ಇರುವ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಜಿಲಾನಿ ತಲೆ ಎತ್ತಿ ಜನರ ಕಡೆ ನೋಡಿದವನೇ ಅಲ್ಲ. ನಗುವುದಿಲ್ಲ, ಸಿಟ್ಟಾಗುವುದಿಲ್ಲ, ಗೆದ್ದಾಗ ಕೈ ಎತ್ತುವುದಿಲ್ಲ. ಮಾನ್ವಿಯವರು ಇದನ್ನು ಸೊಕ್ಕು ಎಂದರು. ಸೋತದ್ದಕ್ಕಿಂತ ಆ ಸೊಕ್ಕೇ ಅವರಿಗೆ ಹೆಚ್ಚು ಉರಿಯುತ್ತಿತ್ತು.

ಬಂದ ತಂಡಗಳಿಗೆಲ್ಲ ಸಾಲುವ ಲಾಡ್ಜು ಆಗ ಮಾನ್ವಿಯಲ್ಲಿ ಇರಲಿಲ್ಲ. ಹೊರಗಿನ ಆಟಗಾರರನ್ನು ಊರಿನ ಮನೆಗಳಿಗೆ ಹಂಚಿ ಹಾಕುವುದು ರೂಢಿ; ಊಟಕ್ಕೆ ತೊಡಕಾಗದಂತೆ ಅವರವರ ಜಾತಿಯವರ ಮನೆಗಳಿಗೇ ಕಳಿಸುತ್ತಿದ್ದರು. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ದಸ್ತಗೀರ್ ತಾನಾಗಿಯೇ ಅಕ್ಕಿ ಗಿರಣಿಯ ಹಂಪಣ್ಣನವರ ಬಳಿ ಹೋದ. ಟೂರ್ನಮೆಂಟ್ ಸಮಿತಿಗೆ ಹಂಪಣ್ಣನವರೇ ಅಧ್ಯಕ್ಷರು. ಜಿಲಾನಿಯನ್ನು ತನ್ನ ಮನೆಗೆ ಹಾಕಬೇಕೆಂದು ಕೇಳಿದ.

"ಮೂರು ದಿನ ಮನ್ಯಾಗ ಇಟ್ಟುಕೊಂಡ್ರ ಎಲ್ಲಿ ಮೆತ್ತಗದಾನ ಅಂತ ಗೊತ್ತಾಗ್ತದ್ರಿ. ಫೈನಲ್ ದಿನ ಅಲ್ಲೇ ಹೊಡೀತೀನಿ."

ಹಂಪಣ್ಣನವರಿಗೆ ಇದು ಬಹಳ ಹಿಡಿಸಿತು. ಅತಿಥಿಯ ಊಟಕ್ಕೆಂದು ಗಿರಣಿಯಿಂದ ಅರ್ಧ ಚೀಲ ಅಕ್ಕಿಯನ್ನೂ ಕಳಿಸಿದರು. ಸಂಜೆಯೊಳಗೆ ಈ ಯೋಜನೆ ಊರಿಗೆಲ್ಲ ಗೊತ್ತಾಗಿತ್ತು, ರಾಯಚೂರಿನವರನ್ನು ಬಿಟ್ಟು.

ಒಂದೇ ತೊಂದರೆ ಇತ್ತು. ಜನರ ಕಡೆ ನೋಡದ ಜಿಲಾನಿಗೆ ದಸ್ತಗೀರನ ಮುಖ ಗೊತ್ತಿರಲಿಲ್ಲ, ಆದರೆ ದನಿ ಗೊತ್ತಿರದೆ ಇರಲು ಸಾಧ್ಯವಿಲ್ಲ. ಆದ್ದರಿಂದ ದಸ್ತಗೀರ್ ಮೂರು ದಿನದ ಸವಾಲಿಗೆ ಬೇರೊಬ್ಬನನ್ನು ನಿಲ್ಲಿಸಿ, ಗಂಟಲು ಕಟ್ಟಿದೆ ಎಂದು ಹೇಳಿಕೊಂಡು, ಮನೆಯಲ್ಲಿ ಪಿಸುಮಾತಿಗೆ ಇಳಿದ. ಹೆಂಡತಿ ಮಹಬೂಬೀ ಮದುವೆಯಾದಾಗಿನಿಂದ ಅವನ ಪಿಸುಮಾತನ್ನು ಕೇಳಿದವಳಲ್ಲ. ಮೊದಲ ದಿನ ಅವನು ಉಪ್ಪು ಕೇಳಿದ್ದು ಅವಳಿಗೆ ತಿಳಿಯದೆ ಕಂಬಳಿ ತಂದುಕೊಟ್ಟಳಂತೆ. ಆ ಮನೆಯಲ್ಲಿ ನಡೆದ ಮಾತೆಲ್ಲ ದಖನಿ ಉರ್ದುವಿನಲ್ಲಿ. ನನಗೆ ಆಮೇಲೆ ಅದನ್ನು ಹೇಳಿದವಳು ದಸ್ತಗೀರನ ತಾಯಿ ಬಡೇಬೀ. ಅವಳು ನಮ್ಮ ಕಡೆಯ ಕನ್ನಡದಲ್ಲಿ ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ.

ಮೊದಲ ಪಂದ್ಯದ ದಿನ ಬೆಳಿಗ್ಗೆ ಜಿಲಾನಿ ರೊಟ್ಟಿಯನ್ನು ಮುರಿದಿಟ್ಟು ಎದ್ದುಹೋದ. ತನ್ನ ಅಡುಗೆ ರುಚಿಸಲಿಲ್ಲವೆಂದು ಮಹಬೂಬೀ ಮುಖ ದಪ್ಪ ಮಾಡಿಕೊಂಡಳು. ಮನೆಯ ಹಿಂದೆ ಹೋಗಿ ತಾಯತ ಕಟ್ಟಿಕೊಳ್ಳುತ್ತಾನೋ, ಏನಾದರೂ ಔಷಧ ಕುಡಿಯುತ್ತಾನೋ ಎಂದು ದಸ್ತಗೀರ್ ಬೆನ್ನು ಹತ್ತಿದ. ಮೂರು ವರ್ಷ ಮಾನ್ವಿಯನ್ನು ಸೋಲಿಸಿದವನು ಗೋಡೆಗೆ ಒಂದು ಕೈ ಊರಿ ವಾಂತಿ ಮಾಡುತ್ತಿದ್ದ. ಮುಗಿದ ಮೇಲೆ ಬಾಯಿ ತೊಳೆದುಕೊಂಡು, ಮಾಡಿದ ಜಾಗಕ್ಕೆ ಮಣ್ಣು ಎಳೆದು, ಯಾರೂ ನೋಡಿಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಬಂದ.

ದಸ್ತಗೀರ್ ಹಂಪಣ್ಣನವರ ಗಿರಣಿಯ ಕಡೆ ಓಡುನಡಿಗೆಯಲ್ಲಿ ಹೊರಟ. ಅರ್ಧ ದಾರಿಗೆ ನಡಿಗೆ ನಿಧಾನವಾಯಿತು. ಗಿರಣಿ ಮುಟ್ಟಿ, ಇನ್ನೂ ಏನೂ ಸಿಕ್ಕಿಲ್ಲವೆಂದು ಹೇಳಿ ತಿರುಗಿದ. ಯಾಕೆ ಹಾಗೆ ಹೇಳಿದನೆಂದು ಅವನಿಗೇ ಗೊತ್ತಿರಲಿಲ್ಲ.

ಮನೆಗೆ ಬಂದು ನೋಡಿದರೆ ಜಿಲಾನಿ ಬಡೇಬೀಯ ಎದುರು ಕಾಲು ಮಡಚಿ ಕುಳಿತು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದ. ಹಂಪಣ್ಣನವರ ಅಕ್ಕಿ ಅದು, ಕಲ್ಲಿಗೆ ಕೊರತೆ ಇರಲಿಲ್ಲ. ಮುದುಕಿಗೆ ಕಣ್ಣು ಮಂಜು. ಅವಳು ಮೊರದಲ್ಲಿ ಸುಮ್ಮನೆ ಕೈಯಾಡಿಸುತ್ತಿದ್ದಳು, ಆರಿಸುತ್ತಿದ್ದವನು ಅವನೇ. ಚೆಂಡನ್ನು ಒಡೆಯುವಂತೆ ಬಡಿಯುವ ಬೆರಳುಗಳು ನಡುಗುತ್ತಿದ್ದವು. ಕಲ್ಲು ಹೆಕ್ಕುತ್ತ ಹೆಕ್ಕುತ್ತ ನಡುಕ ಕಡಿಮೆಯಾಯಿತು.

ಅಷ್ಟು ಎತ್ತರ ಇದ್ದು ಅಂಜಿಕೆ ಯಾಕೆಂದು ಬಡೇಬೀ ಕೇಳಿದಳಂತೆ.

"ಹೊಟ್ಟಿ ನನ್ನ ಮಾತು ಕೇಳಂಗಿಲ್ಲ ಅಮ್ಮಾ" ಎಂದ. "ಎಲ್ಲಾ ಪಂದ್ಯಕ್ಕೂ ಹಿಂಗೇ. ಜನರ ಕಡಿ ನೋಡಿದ್ರ ಅಲ್ಲೇ ಕಕ್ಕಿಬಿಡ್ತೀನಿ ಅಂತ ತಲಿ ಎತ್ತಂಗಿಲ್ಲ."

ಆ ದಿನ ರಾಯಚೂರು ಗೆದ್ದಿತು. ಗೋಡೆಯ ಮೇಲೆ ದಸ್ತಗೀರ್ ಬಾಯಿ ತೆರೆಯಲಿಲ್ಲ. ಫೈನಲ್‌ಗೆ ಉಳಿಸಿಕೊಳ್ಳುತ್ತಿದ್ದಾನೆಂದು ಜನ ಮೆಚ್ಚಿಕೊಂಡರು. ಎರಡನೆಯ ದಿನವೂ ಹಾಗೆಯೇ. ಅಂದು ಪಂದ್ಯ ಮುಗಿಸಿ ಬರುವಾಗ ಜಿಲಾನಿ ಬಜಾರಿನಿಂದ ಒಂದು ತುಂಡು ಜ್ಯೇಷ್ಠಮಧು ತಂದು ದಸ್ತಗೀರನ ಕೈಗಿಟ್ಟ. ಬಾಯಲ್ಲಿ ಇಟ್ಟುಕೊಂಡು ರಸ ನುಂಗಿದರೆ ಕಟ್ಟಿದ ಗಂಟಲು ಬಿಡುತ್ತದೆ ಎಂದ. ಏನೂ ಆಗದ ಗಂಟಲಿಗೆ ದಸ್ತಗೀರ್ ಅದನ್ನು ಅವನ ಎದುರಿಗೇ ಜಗಿಯಬೇಕಾಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಜಿಲಾನಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡ. ಉಣ್ಣುತ್ತ ಮಾತಾಡಿದ.

"ನಿಮ್ಮೂರಾಗ ಒಬ್ಬ ಅದಾನ್ರಿ. ಮಾರಿ ನೋಡಿಲ್ಲ, ದನಿ ಅಷ್ಟೇ ಗೊತ್ತು. ಹ್ವಾದ ವರ್ಷ ನನಗ ಒಂಟಿ ಅಂದ. ಮನಿಗಿ ಹೋಗಿ ಕನ್ನಡಿ ನೋಡಿಕೊಂಡೆ. ಖರೇನೇ ಅದ."

ಮಹಬೂಬೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ದಸ್ತಗೀರ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಈ ಸಲ ಆ ಮನುಷ್ಯ ಯಾಕೋ ಸುಮ್ಮನಿದ್ದಾನೆ, ನಾಳೆಯೂ ಸುಮ್ಮನಿದ್ದರೆ ಪುಣ್ಯ ಎಂದು ಜಿಲಾನಿ ಮುಂದುವರಿಸಿದ. ಸರ್ವಿಸ್ ಮಾಡುವ ಮುಂಚೆ ತಾನು ಚೆಂಡನ್ನು ಮೂರು ಬಾರಿ ನೆಲಕ್ಕೆ ಪುಟಿಸುತ್ತೇನೆ, ಮನಸ್ಸಿನಲ್ಲಿ ಎಣಿಸಿಕೊಳ್ಳುತ್ತೇನೆ, ಆಮೇಲಷ್ಟೇ ಕೈ ಏಳುತ್ತದೆ ಎಂದ. "ಹೊರಗಿನವರು ಯಾರರ ಬಾಯಿಬಿಟ್ಟು ಎಣಿಸಿದ್ರ ಮುಗೀತು, ಕೈ ಎತ್ತಾಕ ಬರಂಗಿಲ್ಲ. ಗಿರಣ್ಯಾಗ ಆಡುವಾಗ ಹುಡುಗರು ಚಾಷ್ಟಿಗಿ ನಕ್ಕೋತ ಹಂಗ ಮಾಡ್ತಾರ. ಆ ದನಿಯವನಿಗಿ ಅದು ಗೊತ್ತಿಲ್ಲ ನೋಡ್ರಿ."

ಸವಾಲಿನಲ್ಲಿ ದಿನವೂ ಎಣಿಸುವುದೇ ಕಸುಬಾದವನಿಗೆ ಇದನ್ನು ಅವನು ಹೇಳಿದ್ದ. ಇದಕ್ಕಿಂತ ಸರಿಯಾದ ಆಯುಧವನ್ನು ದಸ್ತಗೀರ್ ಕನಸಿನಲ್ಲೂ ಕೇಳಿಕೊಂಡಿರಲಾರ. ಜಿಲಾನಿ ಕೈ ತೊಳೆಯಲು ಹೊರಗೆ ಹೋದಾಗ ಬಡೇಬೀ ಮಗನ ಕಡೆ ತಿರುಗಿದಳು.

"ಉಣ್ಣಾಕ ಕುಂತಾಗ ಹೇಳ್ಯಾನ" ಎಂದಳು. "ಸಂತ್ಯಾಗ ಹೇಳಿಲ್ಲ."

ಮರುದಿನ ಬೆಳಿಗ್ಗೆ ಹಂಪಣ್ಣನವರು ಮನೆ ಬಾಗಿಲಿಗೇ ಬಂದು, ಸಿಕ್ಕಿತೇ ಎಂದು ಕಣ್ಣಿನಲ್ಲೇ ಕೇಳಿದರು. ದಸ್ತಗೀರ್ ಸಿಕ್ಕಿದೆ ಎಂದು ತಲೆಯಾಡಿಸಿದ. ಏನೆಂದು ಹೇಳಲಿಲ್ಲ. ನಾಲ್ಕನೆಯ ವರ್ಷವೂ ಶೀಲ್ಡ್ ಹೋದರೆ ಗಿರಣಿಯಲ್ಲಿ ಹಮಾಲರ ಮುಂದೆ ತಲೆ ಎತ್ತಿ ಕೂರಲಾಗದು ಎಂದು ಹಂಪಣ್ಣನವರು ಹೇಳಿ ಹೋದರು. ದಸ್ತಗೀರನಿಗೂ ಆ ಶೀಲ್ಡ್ ಬೇಕಾಗಿತ್ತು. ಇದನ್ನು ಮರೆಯಬಾರದು. ಹುಡುಗನಾಗಿದ್ದಾಗಿನಿಂದ ಅವನು ಮಾನ್ವಿ ಗೆಲ್ಲುವುದನ್ನು ಬಿಟ್ಟು ಬೇರೆ ಏನನ್ನೂ ಅಷ್ಟು ಬಯಸಿರಲಿಲ್ಲ.

ಫೈನಲ್ ಹೊತ್ತು ಇಳಿಯುವಾಗ ಶುರುವಾಯಿತು. ಒಂದು ಸೆಟ್ ಅವರದು, ಒಂದು ನಮ್ಮದು. ಮೂರನೆಯದರಲ್ಲಿ ರಾಯಚೂರಿಗೆ ಹದಿನಾಲ್ಕು, ನಮಗೆ ಹದಿಮೂರು. ಇನ್ನೊಂದು ಅಂಕ ಬಂದರೆ ಅವರಿಗೆ ಗೆಲುವು. ಸರ್ವಿಸ್ ಜಿಲಾನಿಯದು.

ಮೈದಾನ ತಾನಾಗಿ ನಿಶ್ಶಬ್ದವಾಯಿತು. ಎಲ್ಲರೂ ನೋಡುತ್ತಿದ್ದದ್ದು ಜಿಲಾನಿಯನ್ನಲ್ಲ, ಗೋಡೆಯನ್ನು. ಹಂಪಣ್ಣನವರು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಕೈ ಎತ್ತಿದರು. ದಸ್ತಗೀರ್ ಗೋಡೆಯ ಮೇಲೆ ಎದ್ದು ನಿಂತ. ಚೆಂಡು ಒಮ್ಮೆ ಪುಟಿಯಿತು. ದಸ್ತಗೀರನ ಎದೆ ಉಬ್ಬಿತು, ಬಾಯಿ ತೆರೆಯಿತು. ಚೆಂಡು ಮತ್ತೊಮ್ಮೆ ಪುಟಿಯಿತು.

ಆ ನಿಶ್ಶಬ್ದ ವಿಚಿತ್ರವೆನಿಸಿರಬೇಕು, ಜಿಲಾನಿ ತಲೆ ಎತ್ತಿದ. ನಾನು ನೋಡಿದ ನಾಲ್ಕು ವರ್ಷಗಳಲ್ಲಿ ಅವನು ಜನರ ಕಡೆ ನೋಡಿದ್ದು ಅದೇ ಮೊದಲು. ಊರೆಲ್ಲ ಯಾರ ಕಡೆ ತಿರುಗಿದೆಯೋ ಅಲ್ಲಿ, ಗೋಡೆಯ ಮೇಲೆ, ಬಾಯಿ ತೆರೆದು ನಿಂತಿದ್ದ ತನ್ನ ಆತಿಥೇಯನನ್ನು ಕಂಡ. ಆ ದನಿ ಇವನದೇ ಎಂದು ಅರ್ಥವಾದದ್ದು ಅವನ ಕೈಯಲ್ಲೇ ಕಂಡಿತು. ಚೆಂಡು ಕೈಯಲ್ಲಿ ನಿಂತುಬಿಟ್ಟಿತು.

ದಸ್ತಗೀರ್ ಬಾಯಿ ಮುಚ್ಚಿದ. ಹೆಗಲ ಮೇಲಿನ ಟುವಾಲನ್ನು ಬಾಯಿಗೆ ಒತ್ತಿಕೊಂಡು, ಮೈದಾನಕ್ಕೆ ಬೆನ್ನು ಮಾಡಿ, ರಸ್ತೆಯ ಕಡೆ ಕಾಲು ಇಳಿಬಿಟ್ಟು ಕುಳಿತುಕೊಂಡ.

ಮೂರನೆಯ ಬಾರಿ ಚೆಂಡು ಪುಟಿದ ಸದ್ದು ನನಗೆ ಕೇಳಿಸಿತು. ಸರ್ವಿಸ್ ನಮ್ಮ ಅಂಗಳದ ಹಿಂದಿನ ಗೆರೆಯ ಒಳಗೇ ಬಿತ್ತು, ಯಾರೂ ಮುಟ್ಟಲಿಲ್ಲ. ಹದಿನೈದು ಎಂದು ಬರೆದೆ.

ತನ್ನ ಬಟ್ಟೆಯ ಚೀಲ ಒಯ್ಯಲು ಜಿಲಾನಿ ಮನೆಗೆ ಬಂದಾಗ ದಸ್ತಗೀರ್ ಹೊಸಿಲ ಮೇಲೆ ಕುಳಿತಿದ್ದ. ಗಂಟಲಿಗೆ ಏನೂ ಆಗಿರಲಿಲ್ಲವಲ್ಲ ಎಂದು ಜಿಲಾನಿ ಕೇಳಿದ. ಇಲ್ಲ ಎಂದ ದಸ್ತಗೀರ್.

"ಹಂಗಾದ್ರ ನನ್ನ ಜ್ಯೇಷ್ಠಮಧು ವಾಪಸ್ ಕೊಡ್ರಿ."

ಅದು ಮುಗಿದುಹೋಯಿತೆಂದು ದಸ್ತಗೀರ್ ಮೂರು ದಿನಗಳಲ್ಲಿ ಮೊದಲ ಬಾರಿಗೆ ತನ್ನ ಸ್ವಂತ ದನಿಯಲ್ಲಿ ಹೇಳಿದ. ಪಕ್ಕದ ಮನೆಯ ಕೋಳಿಗಳು ಚೆದುರಿದವು. ಜಿಲಾನಿ ಬಗ್ಗಿ, ಮೊಣಕಾಲು ಹಿಡಿದುಕೊಂಡು ನಕ್ಕ.

ಮರುದಿನ ಮಾರುಕಟ್ಟೆಯಲ್ಲಿ ನಗು ಇರಲಿಲ್ಲ. ರಾಯಚೂರಿಗೆ ಊರನ್ನು ಮಾರಿದ್ದಾನೆ ಎಂದರು ಕೆಲವರು. ಅವನು ಸವಾಲು ಶುರುಮಾಡಿದರೆ, ಟುವಾಲು ಬಾಯಿಗೆ ಹಿಡಿದುಕೋ ಎಂದು ರೈತರು ಹಂಗಿಸಿದರು. ಹಂಪಣ್ಣನವರು ಎಲ್ಲರ ಮುಂದೆ ನಿಂತು, ಏನು ಸಿಕ್ಕಿತ್ತು, ಯಾಕೆ ಕೂಗಲಿಲ್ಲ ಎಂದು ಕೇಳಿದರು. ಸಿಕ್ಕಿದ್ದನ್ನು ದಸ್ತಗೀರ್ ಹೇಳಲಿಲ್ಲ. ಇನ್ನೊಂದಕ್ಕೆ ಮಾತ್ರ ಉತ್ತರ ಕೊಟ್ಟ.

"ಮೂರು ದಿನ ನಮ್ಮವ್ವನ ಜೋಡಿ ಕುಂತು ನಿಮ್ಮ ಅಕ್ಕಿ ಆರಿಸ್ಯಾನ್ರಿ. ಅವನ ಮ್ಯಾಲ ಹೆಂಗ ಕೂಗಲಿ?"

ಹಂಪಣ್ಣನವರು ಸಿಟ್ಟಿನಲ್ಲೇ ಹೋದರು. ಆದರೆ ಅಕ್ಕಿಯ ಮಾತು ಅಲ್ಲಿಗೆ ನಿಲ್ಲಲಿಲ್ಲ. ನಳದ ಹತ್ತಿರ ಮಹಬೂಬೀ ಒಂದಷ್ಟು ಹೇಳಿದಳು, ಕಟ್ಟೆಯ ಮೇಲೆ ಬಡೇಬೀ ಒಂದಷ್ಟು. ಸೊಕ್ಕಿನವನೆಂದುಕೊಂಡವನು ವಾಂತಿಗೆ ಹೆದರಿ ತಲೆ ತಗ್ಗಿಸುತ್ತಿದ್ದನೆಂದೂ, ಒಂಟೆ ಅನ್ನಿಸಿಕೊಂಡು ಕನ್ನಡಿ ನೋಡಿಕೊಂಡನೆಂದೂ ಊರಿಗೆ ತಿಳಿಯಿತು. ಎಣಿಕೆಯ ವಿಷಯವನ್ನು ಮಾತ್ರ ಆ ಮನೆಯವರು ಹೊರಗೆ ಬಿಡಲಿಲ್ಲ. ಜಿಲಾನಿ ಆಟ ನಿಲ್ಲಿಸಿದ ಮೇಲೆ ನನಗೆ ಹೇಳಿದರು. ಮುಂದಿನ ಚಳಿಗಾಲದ ಹೊತ್ತಿಗೆ ಮಾನ್ವಿಯ ಜನ ಜಿಲಾನಿಯ ಹೊಟ್ಟೆಯ ಬಗ್ಗೆ ಅವನ ಮನೆಯವರಷ್ಟೇ ಕಾಳಜಿಯಿಂದ ಮಾತಾಡುತ್ತಿದ್ದರು. ಆಮೇಲೆ ಪ್ರತಿ ವರ್ಷ ಅವನು ಇಳಿದುಕೊಂಡದ್ದು ದಸ್ತಗೀರನ ಮನೆಯಲ್ಲೇ. ಹಂಪಣ್ಣನವರ ಹೆಂಡತಿ ನೀಲಗಂಗಮ್ಮ, ಪಂದ್ಯದ ದಿನ ಅವನಿಗೆ ರೊಟ್ಟಿ ಬೇಡ, ಗಂಜಿ ಕೊಡಬೇಕೆಂದು ಹೇಳಿಕಳಿಸಿದಳು. ಜೊತೆಗೆ ಕಲ್ಲು ಆರಿಸಿದ ಅಕ್ಕಿ.

ಎಂಬತ್ತರಲ್ಲಿ ಮಾನ್ವಿ ಕೊನೆಗೂ ಗೆದ್ದಿತು. ಕೊನೆಯ ಅಂಕ ಬಂದದ್ದು ಜಿಲಾನಿ ಬಡಿದ ಚೆಂಡು ನೆಟ್ಟಿಗೆ ಸಿಕ್ಕಿದ್ದರಿಂದ. ಅಂಕದ ಮೇಜಿನಲ್ಲಿ ಕುಳಿತಿದ್ದ ನಾನು ಸ್ಪಷ್ಟವಾಗಿ ಕೇಳಿದ್ದನ್ನು ಹೇಳುತ್ತೇನೆ: ಮೊದಲು ಇಡೀ ಮೈದಾನದಿಂದ ಒಂದು ಮರುಕದ ಉದ್ಗಾರ ಬಂತು, ಗೆದ್ದೆವೆಂಬ ಕೂಗು ಅದರ ಹಿಂದೆ. ಆ ಕೂಗಿನಲ್ಲಿ ಎಲ್ಲರಿಗಿಂತ ಮೇಲಿದ್ದ ದನಿ ದಸ್ತಗೀರನದು. ಗೋಡೆಯಿಂದ ಹಾರಿ ಬಂದು ನಮ್ಮ ಆಟಗಾರರನ್ನೆಲ್ಲ ಅಪ್ಪಿದ. ಆಮೇಲೆ ಕಾಣಲಿಲ್ಲ.

ಶೀಲ್ಡಿನ ಮೆರವಣಿಗೆ ಬಜಾರು ದಾಟಿ ದಸ್ತಗೀರನ ಓಣಿಗೆ ತಿರುಗಿತು. ತಿರುಗಬೇಕೆಂದು ಯಾರೂ ಹೇಳಿರಲಿಲ್ಲ. ಮನೆಯ ಮುಂದೆ ಹಲಗೆ ಬಾರಿಸುತ್ತ, ಜಿಲಾನಿ ಹೊರಗೆ ಬರಲೆಂದು ಜನ ಹಟ ಹಿಡಿದರು. ಹಂಪಣ್ಣನವರು ಶೀಲ್ಡನ್ನು ಎದೆಗೆ ಒತ್ತಿಕೊಂಡು ಮುಂದೆಯೇ ನಿಂತಿದ್ದರು. ಗಿಡ್ಡ ಬಾಗಿಲಿನಲ್ಲಿ ಬಗ್ಗಿ ಜಿಲಾನಿ ಕಾಣಿಸಿಕೊಂಡ. ಬಲಗೈಯಲ್ಲಿ ಅನ್ನ ಮೆತ್ತಿತ್ತು, ಬಾಯಿ ತುಂಬಿತ್ತು. ಅವನು ಉಣ್ಣುತ್ತಿದ್ದಾನೆಂದು ಕಂಡು ಜನಕ್ಕೆ ಎಷ್ಟು ಸಂತೋಷವಾಯಿತೆಂದರೆ ಹಲಗೆ ಇನ್ನೂ ಜೋರಾಯಿತು.

ಅಷ್ಟನ್ನೂ ಮೀರಿ ಒಳಗಿನಿಂದ ದಸ್ತಗೀರನ ದನಿ ಬಂತು.

"ಉಣ್ಣಾಕ ಬಿಡ್ರಲೇ ಅವನಿಗಿ."