ದುರ್ಗಿ ಹಿಡಿದ ಏಂಡಿ ಹಗ್ಗ

ಕೇಣಿಯ ಕಡಲಬದಿ ಓಟಗಾರರ ಸಂಘದ ಸದಸ್ಯರ ಪಟ್ಟಿಯಲ್ಲಿ ದುರ್ಗಿಯ ಹೆಸರು ಇಂದಿಗೂ ಇಲ್ಲ. ಸಂಘ ಹುಟ್ಟಿ ಒಂಬತ್ತು ವರ್ಷವಾಯಿತು. ಅದರಲ್ಲಿ ಎಂಟು ವರ್ಷ ಅವಳಿಲ್ಲದೆ ಒಂದು ಬೆಳಗಿನ ಓಟವೂ ನಡೆದಿಲ್ಲ. ಹೆಸರು ಸೇರಿಸೋಣವೇ ಎಂದು ಕೇಳಿದವರಿಗೆಲ್ಲ ಅವಳ ಉತ್ತರ ಒಂದೇ: "ನಾ ಎಂತ ಓಡ್ತೆನೆ? ಓಡವ್ರ ಹೆಸ್ರು ಬರ್ಕಣಿ."

ಆಧಾರ್ ಕಾರ್ಡಿನ ಪ್ರಕಾರ ಅವಳಿಗೆ ಐವತ್ತೆರಡು. ಅವಳ ಲೆಕ್ಕದಲ್ಲಿ ಇನ್ನೂ ಐವತ್ತು ದಾಟಿಲ್ಲ. ಕೇಣಿಯ ಗದ್ದೆಬದಿಯ ಕೇರಿಯಲ್ಲಿ ಹುಟ್ಟಿ, ಅದೇ ಕೇರಿಯ ಇನ್ನೊಂದು ತುದಿಗೆ ಮದುವೆಯಾದವಳು. ಗಂಡ ಬಾಳಾ ಗೋವಾದಲ್ಲಿ ಗಾರೆ ಕೆಲಸಕ್ಕಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ದುರ್ಗಿ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಳು. ಅಂದಿನಿಂದ ಮಳೆಗಾಲದಲ್ಲಿ ನಟ್ಟಿ, ಮಳೆ ಕಳೆದ ಮೇಲೆ ಕೊಯ್ಲು, ಬೇಸಿಗೆಯಲ್ಲಿ ಶೇಂಗಾ ಕೀಳುವುದು, ಹೀಗೆ ಅವರಿವರ ಗದ್ದೆಯಲ್ಲಿ ಅವಳ ವರ್ಷ ಸುತ್ತುತ್ತದೆ.

ಸಂಘಕ್ಕೆ ಅವಳು ಬಂದದ್ದು ಕತ್ತಿ ಹಿಡಿದುಕೊಂಡು. ಕೊಯ್ಲಿನ ಕಾಲದ ಒಂದು ಬೆಳಿಗ್ಗೆ ಕೆಲಸಕ್ಕೆಂದು ದಂಡೆಯ ದಾರಿ ಹಿಡಿದಿದ್ದಳು. ಇಳಿತದ ಗಟ್ಟಿ ಮರಳಿನ ಮೇಲೆ ಆರೇಳು ಹುಡುಗಿಯರು ಓಡುತ್ತಿದ್ದರು. ಎಳೆದು ಹಾಕಿದ್ದ ದೋಣಿಯೊಂದರ ಮೇಲೆ ನಾಲ್ವರು ಯುವಕರು ಕುಳಿತು ಅವರ ಚಡ್ಡಿಯ ಅಳತೆ ಮಾತಾಡುತ್ತಿದ್ದರು. ದುರ್ಗಿ ಹೋಗಿ ದೋಣಿಯ ಪಕ್ಕದಲ್ಲಿ ನಿಂತಳು, ಕತ್ತಿಯನ್ನು ಒಂದು ಕಲ್ಲಿಗೆ ಮಸೆಯತೊಡಗಿದಳು. ಹುಡುಗಿಯರ ಓಟ ಮುಗಿಯುವವರೆಗೂ ಮಸೆದಳು. ಮರುದಿನವೂ ಮಸೆದಳು. ಮೂರನೆಯ ದಿನ ದೋಣಿಯ ಮೇಲೆ ಯಾರೂ ಇರಲಿಲ್ಲ. ಆದರೂ ಅವಳು ಬರುವುದನ್ನು ಬಿಡಲಿಲ್ಲ. ಬಂದವಳು ದಾರಿಯ ಚಿಪ್ಪು, ಬಾಟಲಿಯ ಚೂರು ಹೆಕ್ಕಿದಳು. ಸುಣ್ಣದ ಗೆರೆ ಎಳೆಯಲು ಕಲಿತಳು. ಓಟ ಮುಗಿಸಿದವರಿಗೆ ಗಂಜಿ ಕಾಯಿಸಿದಳು.

ಹೋದ ವರ್ಷದ ಅಕ್ಟೋಬರಿನಲ್ಲಿ ಸಂಘದ ನಾಲ್ವರು ಹುಡುಗಿಯರು ಕಾರವಾರದಲ್ಲಿ ನಡೆದ ಜಿಲ್ಲಾ ಕೂಟದ 4×100 ಮೀಟರ್ ರಿಲೇಯಲ್ಲಿ ಗೆದ್ದು ರಾಜ್ಯ ಕೂಟಕ್ಕೆ ಆಯ್ಕೆಯಾದರು. ಕೂಟ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ. ಹೋಗಿಬರುವ ಖರ್ಚು ಅವರವರದೇ. ನಾಲ್ವರಲ್ಲಿ ಯಾರಿಗೂ ಮೊಳೆ ಬೂಟು ಇರಲಿಲ್ಲ. ಸಂಘದ ಅಧ್ಯಕ್ಷ ಜಗದೀಶ ಕೈಗಾ ಅಣುಸ್ಥಾವರದಲ್ಲಿ ನೌಕರ. ಒಂದು ಸಂಜೆ ಕಂಪನಿ ಬಸ್ಸಿನಿಂದ ಇಳಿದವನು ಮನೆಗೂ ಹೋಗದೆ ನೇರವಾಗಿ ದಂಡೆಗೆ ಬಂದು ಎಲ್ಲರನ್ನೂ ಕೂರಿಸಿದ. ಮಾಜಾಳಿ ಕಡೆ ಹೊಸದಾಗಿ ಎದ್ದ ಹೋಟೆಲೊಂದು ಎಲ್ಲ ಖರ್ಚನ್ನೂ ವಹಿಸಿಕೊಳ್ಳಲು ಮುಂದೆ ಬಂದಿತ್ತು.

"ಬೂಟು, ಬಟ್ಟೆ, ರೈಲು, ಊಟ, ಎಲ್ಲಾ ಅವ್ರೇ ಕೊಡ್ತ್ರು, ದುರ್ಗಿ ಅಕ್ಕ."

"ಪುಕ್ಕಟೆ ಕೊಡೂಕೆ ಅವ್ರೇನು ನಮ್ಗೆ ಸೋದರಮಾವನಾ, ತಮಾ? ಬದ್ಲಿಗೆ ಎಂತ ಕೇಳ್ತ್ರು, ಅದ್ನ ಹೇಳು."

ಜಗದೀಶ ಹೇಳಿದ. ಹೋಟೆಲಿನ ಉದ್ಘಾಟನೆಯ ಎರಡು ದಿನ ನಾಲ್ವರೂ ಹೋಟೆಲಿನ ಅಂಗಿ ತೊಟ್ಟು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಬಂದ ಅತಿಥಿಗಳಿಗೆ ತಿಲಕ ಇಡಬೇಕು. ಅಷ್ಟೇ.

"ಅಷ್ಟೇನಾ?" ಎಂದಳು ದುರ್ಗಿ. "ಓಡ್ಕಂಡು ಗೆದ್ದವ್ರಿಗೆ ನಿಂತ್ಕಂಬೂ ಕೆಲ್ಸ. ಚಲೋ ಆತು."

ರಿಲೇಯ ಕೊನೆಯ ನೂರು ಮೀಟರ್ ಓಡುವವಳು ಸ್ವಾತಿ, ಮೀನುಗಾರರ ಮನೆಯ ಹದಿನೇಳರ ಹುಡುಗಿ. ದುರ್ಗಿ ಅವಳ ಕಡೆ ತಿರುಗಿದಳು. "ನೀ ಎಂತ ಹೇಳ್ತೆ?"

ಸ್ವಾತಿ ಮರಳು ಕೆದಕುತ್ತ, "ಬೂಟು ಬೇಕು ಅಕ್ಕ" ಎಂದಳು.

"ಬೂಟು ಬೇಕು. ಸುಳ್ಳಲ್ಲ. ತಟ್ಟೆ ಬೇಕಾ?"

ಸ್ವಾತಿ ಕೆದಕುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ಬ್ಯಾಡ."

"ಆತು ಹಂಗಾರೆ. ತಮಾ, ಅವ್ರಿಗೆ ಬ್ಯಾಡ ಅಂದೇಳಿ ಹೇಳು. ನಾವೇ ದುಡೂದು."

ಜಗದೀಶ ಒಪ್ಪಲಿಲ್ಲ. ಮನೆಮನೆ ತಿರುಗಿ ಚಂದಾ ಎತ್ತಿದರೆ ರೈಲಿನ ಟಿಕೆಟಿಗೂ ಸಾಲದೆಂಬುದು ಅವನಿಗೆ ಹಿಂದಿನ ಅನುಭವದಿಂದ ಗೊತ್ತಿತ್ತು. ಹೋಟೆಲಿನವರಿಗೆ ಮುಂದಿನ ತಿಂಗಳ ಮೊದಲ ಸೋಮವಾರದೊಳಗೆ ಉತ್ತರ ಬೇಕಿತ್ತು. ಅಷ್ಟರಲ್ಲಿ ಮೂರು ಭಾನುವಾರಗಳಿದ್ದವು. ಆ ಮೂರರಲ್ಲಿ ಹಣ ಹುಟ್ಟಿಸಬೇಕು, ಆಗದಿದ್ದರೆ ಹುಡುಗಿಯರು ತಟ್ಟೆ ಹಿಡಿಯಬೇಕು ಎಂದು ತೀರ್ಮಾನವಾಯಿತು.

ಹಣ ಹುಟ್ಟಿಸುವ ದಾರಿ ದುರ್ಗಿಗೆ ಕಣ್ಣೆದುರೇ ಇತ್ತು. ಕೇಣಿಯಲ್ಲಿ ಮಳೆಗಾಲ ಕಳೆದ ಮೇಲೆ ಏಂಡಿ ಬಲೆ ಬೀಳುತ್ತದೆ. ದೋಣಿಯೊಂದು ಉದ್ದದ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದಂತೆ ಬಿಟ್ಟು ಬರುತ್ತದೆ. ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲಿನವರು ಎರಡು ಗುಂಪಾಗಿ ಎಳೆದು ತರುತ್ತಾರೆ. ಹಗ್ಗ ಹಿಡಿದವರು ಯಾರೇ ಇರಲಿ, ಬಲೆಯ ಚೀಲ ಮರಳಿಗೆ ತಾಗುವವರೆಗೆ ಕೈ ಬಿಡದಿದ್ದರೆ ಅವರಿಗೊಂದು ಪಾಲು ಮೀನು ಎಂಬುದು ಅಲ್ಲಿಯ ಕಟ್ಟಳೆ. ಸಂಘದ ಹದಿನೆಂಟು ಮಂದಿ ಹಗ್ಗ ಹಿಡಿದರೆ ಹದಿನೆಂಟು ಪಾಲು. ಹೆಂಗಸರು ಹಗ್ಗ ಹಿಡಿದದ್ದನ್ನು ಮಾತ್ರ ಅಲ್ಲಿ ಯಾರೂ ಕಂಡಿರಲಿಲ್ಲ. ಅವರು ಬುಟ್ಟಿಯೊಂದಿಗೆ ಕಾಯುವವರು.

ಬಲೆಯ ಯಜಮಾನ ತುಳಸಿದಾಸ ತನ್ನ ಅಂಗಳದಲ್ಲಿ ಕುಳಿತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ. ದುರ್ಗಿಯ ಮಾತನ್ನು ಪೂರ್ತಿ ಕೇಳಿ ನಕ್ಕ.

"ನಟ್ಟಿ ನೆಡೂ ಕೈಗೆ ಹಗ್ಗ ದಕ್ಕೂದಾ, ಮಾರಾಯ್ತಿ?"

ಉತ್ತರ ಕೊಟ್ಟವಳು ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ಅವನ ಹೆಂಡತಿ ಲತಾ. "ನಾ ಹೊರೂ ಬುಟ್ಟೀನ ಒಂದಿನ ಪೇಟೆವರೆಗೆ ಹೊತ್ ನೋಡಿ. ಆಮೇಲೆ ಕೈ ಬಗ್ಗೆ ಮಾತಾಡುವಾ."

ತುಳಸಿದಾಸ ಹೆಣೆಯುವುದನ್ನು ಮುಂದುವರಿಸಿದ. "ಭಾನ್ವಾರ ಬನ್ನಿ. ಬೆಳಿಗ್ಗೆ ಆರಕ್ಕೆ."

ಮೊದಲ ಭಾನುವಾರ ಉತ್ತರದ ಹಗ್ಗ ಸಂಘಕ್ಕೆ, ದಕ್ಷಿಣದ ಹಗ್ಗ ತುಳಸಿದಾಸನ ಹನ್ನೆರಡು ಮಂದಿಗೆ. ಮುಂದೆ ನಡೆದದ್ದು ಓಟಗಾರರು ಮಾತ್ರ ಮಾಡಬಹುದಾದ ತಪ್ಪು. ಎದುರಿಗೆ ಇನ್ನೊಂದು ಗುಂಪು ಕಂಡದ್ದೇ ಅವರ ಕಾಲು ತಮ್ಮ ರೂಢಿಗೆ ಇಳಿಯಿತು. ಸ್ವಾತಿ ಮುಂದೆ ನಿಂತು "ಎಳೀರೇ!" ಎಂದಳು, ಹದಿನೆಂಟು ಮಂದಿ ಸ್ಪರ್ಧೆಗೆ ಬಿದ್ದವರಂತೆ ಎಳೆದರು. ದಕ್ಷಿಣದವರು ಹಿಂದೆ ಬಿದ್ದರು. ಸಂಘದವರು ಗೆದ್ದೆವೆಂದು ಕೇಕೆ ಹಾಕಿದರು. ದುರ್ಗಿಯೂ ಹಗ್ಗದ ತುದಿಯಲ್ಲಿ ನಿಂತು ಕೇಕೆ ಹಾಕಿದಳು. ಅದನ್ನು ಅವಳು ಇಂದಿಗೂ ಮುಚ್ಚಿಡುವುದಿಲ್ಲ.

ಏಂಡಿಯ ಎರಡು ತೋಳೂ ಸಮವಾಗಿ ಬರಬೇಕು. ಒಂದು ಮುಂದಾದರೆ ಚೀಲ ಓರೆಯಾಗುತ್ತದೆ, ಬಲೆಯ ಅಡಿಯ ಹಗ್ಗ ನೆಲ ಬಿಟ್ಟು ಏಳುತ್ತದೆ, ಮೀನು ಆ ಸಂದಿನಿಂದ ಕಡಲಿಗೆ ಮರಳುತ್ತದೆ. ತುಳಸಿದಾಸ ಕೈ ಬೀಸುತ್ತ ಓಡಿ ಬರುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಚೀಲ ಬಿಚ್ಚಿದಾಗ ಸಿಕ್ಕಿದ್ದು ಒಂದಷ್ಟು ಏಡಿ ಮತ್ತು ಒಂದು ಹಿಡಿ ಸಣ್ಣ ನೊಗ್ಲಿ ಮೀನು.

"ಕಣ್ಣಾರೆ ಕಂಡೆ ನಾನು, ಬಂಗಡೆ ಹಿಂಡು" ಎಂದ ತುಳಸಿದಾಸ. ಅವನ ದನಿ ಏರಿರಲಿಲ್ಲ. "ನನ್ನ ಹನ್ನೆರಡು ಜನ್ರ ಇವತ್ತಿನ ಅನ್ನ ಅದು. ನಿಮ್ಗೆ ಆಟ."

ಹುಡುಗಿಯರಲ್ಲಿ ಇಬ್ಬರು ಅಳುತ್ತಿದ್ದರು. ದುರ್ಗಿ ಮುಂದೆ ಬಂದಳು. "ತಪ್ಪು ನಮ್ದು. ಬರೂ ಭಾನ್ವಾರ ಮತ್ತೆ ಎಳೀತೇವು. ಅವತ್ತಿನ ನಮ್ಮ ಪಾಲೆಲ್ಲಾ ನಿಮ್ಮ ಜನಕ್ಕೆ. ಅದ್ರ ಮರು ಭಾನ್ವಾರದ್ದು ನಮ್ಗೆ."

"ಮತ್ತೆ ಹಗ್ಗ ಯಾರು ಕೊಡ್ತ್ರು ನಿಮ್ಗೆ?"

"ನೀವು."

"ನಾನಾ?"

"ಹಗ್ಗ ಹಿಡ್ದವ್ರಿಗೆ ಪಾಲು ಅನ್ನೂದು ಕಟ್ಟಳೆ. ಹಿಡೂಕೆ ಬಂದವ್ರನ್ನ ಓಡ್ಸೂ ಕಟ್ಟಳೆ ಎಲ್ಲಿ ಅದೆ, ತೋರ್ಸಿ ತುಳಸಿದಾಸಣ್ಣ. ಆಮೇಲೆ ನಾವು ಹೋಗ್ತೇವು."

ಅವನು ಹಗ್ಗ ಕೊಡಲು ಒಪ್ಪಿದ. ಅವಳ ಮಾತಿಗೆ ಸೋತೆನೆಂದು ತುಳಸಿದಾಸ ಈಗಲೂ ಒಪ್ಪುವುದಿಲ್ಲ. ಹುಡುಗಿಯರ ಅಳು ನೋಡಲಾರದೆ ಒಪ್ಪಿದೆ ಎನ್ನುತ್ತಾನೆ. ಲತಾ ಮಾತ್ರ, "ಇವ್ರು ಹುಡ್ಗೀರ ಅಳು ನೋಡೇ ಇಲ್ಲ, ದುರ್ಗೀನೇ ನೋಡ್ತಾ ನಿಂತಿದ್ರು" ಎನ್ನುತ್ತಾಳೆ.

ಹೆಚ್ಚು ಸಿಟ್ಟಾದವನು ಜಗದೀಶ. "ಇದ್ದ ಮೂರು ಭಾನ್ವಾರದಲ್ಲಿ ಒಂದು ನೀರಿಗೆ ಹೋಯ್ತು, ಒಂದ್ನ ನೀವು ಅವ್ರಿಗೆ ಕೊಟ್ರಿ. ಮಕ್ಳಿಗೆ ಉಳಿದಿದ್ದು ಎಂತ ಅಕ್ಕ?"

"ಒಂದು ಉಳೀತಲ್ಲ. ಮಕ್ಳನ್ನ ನಾಳೆಯಿಂದ ಗದ್ದೆಗೆ ಕಳ್ಸು."

ಕೊಯ್ಲಾದ ಗದ್ದೆಯಲ್ಲಿ ಆ ವಾರ ನಡೆದದ್ದನ್ನು ನೋಡಲು ಗದ್ದೆಬದಿ, ಕಡಲಬದಿ ಎರಡೂ ಕೇರಿಯ ಜನ ಸೇರುತ್ತಿದ್ದರು. ದುರ್ಗಿ ಹದಿನೆಂಟು ಮಂದಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹಿಂದಕ್ಕೆ ನಡೆಸಿದಳು. ನಟ್ಟಿಯ ಹೆಂಗಸರು ಬಾಗಿ ಭತ್ತದ ಅಗೆ ಊರುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಇಡೀ ಸಾಲು ಒಂದೇ ಹೆಜ್ಜೆಯಲ್ಲಿ ಸರಿಯಬೇಕು. ನಲವತ್ತು ವರ್ಷ ಅವಳು ಮಾಡಿದ್ದು ಅದನ್ನೇ. "ಹೂಂ" ಎಂದರೆ ಎಳೆಯುವುದು, "ಹಾಂ" ಎಂದರೆ ಒಂದು ಹೆಜ್ಜೆ. ಯಾರಾದರೂ ಮುಂದಾದರೆ ಇಡೀ ಸಾಲು ಮೊದಲಿನ ಜಾಗಕ್ಕೆ.

"ಸ್ವಾತಿ, ಎಲ್ಲಿಗೆ ಹೊಂಟೆ? ಗೋವಾಕ್ಕಾ?"

"ಕಾಲು ಕೇಳೂದಿಲ್ಲ ಅಕ್ಕ!"

"ಕೇಳ್ತದೆ. ಮಂಗ್ಳೂರಲ್ಲಿ ಓಡ್ಸು ಅದ್ನ. ಇಲ್ಲಿ ಪಕ್ಕದವ್ಳ ಕಾಲು ನೋಡು."

ಬದುವಿನ ಮೇಲೆ ನಿಂತ ಗಂಡಸರು, ಇವರು ಕಡಲಿನಲ್ಲಿ ಅಗೆ ನೆಡಲು ಹೊರಟಿದ್ದಾರೆಂದು ಗೇಲಿ ಮಾಡಿದರು. ದುರ್ಗಿ ಮುಂದಿನ "ಹೂಂ" ಕೂಗಿದಳು.

ಎರಡನೆಯ ಭಾನುವಾರ ಅವಳು ಹಗ್ಗ ಹಿಡಿಯಲಿಲ್ಲ. ಎರಡು ಗುಂಪಿನ ನಡುವೆ ಮೊಣಕಾಲು ನೀರಿನಲ್ಲಿ ನಿಂತು ಎರಡೂ ಕಡೆ ನೋಡುತ್ತ ದನಿ ಕೊಟ್ಟಳು. ಮೊದಮೊದಲು ದಕ್ಷಿಣದ ಗಂಡಸರು ಅವಳ "ಹೂಂ"ಗೆ ಬೇಕೆಂದೇ ತಡಮಾಡಿದರು. ಉತ್ತರದವರು ಕಾದರು. ಅಂಥ ನಾಲ್ಕು ಸಲವಾದ ಮೇಲೆ ದಕ್ಷಿಣದ ಹಗ್ಗವೂ ಅದೇ ದನಿಗೆ ಸರಿಯಿತು. ಬಲೆ ನೆಟ್ಟಗೆ ಬಂತು. ಚೀಲದ ತುಂಬ ಬಂಗಡೆ. ಸಂಘದ ಹದಿನೆಂಟು ಪಾಲನ್ನೂ ದುರ್ಗಿ ತಾನೇ ಹೊತ್ತು ತುಳಸಿದಾಸನವರ ಬುಟ್ಟಿಗಳಿಗೆ ಸುರಿದಳು.

"ಸಾರಿಗಾದ್ರೂ ನಾಕು ಮೀನು ಇಟ್ಕಣಿ" ಎಂದ ತುಳಸಿದಾಸ.

"ಇಂದಿಂದು ನಿಮ್ದು."

ಆ ದಿನ ಸಂಘದವರು ಉಪ್ಪಿನಕಾಯಿಯೊಂದಿಗೆ ಗಂಜಿ ಕುಡಿದರು.

ಮೂರನೆಯ ಭಾನುವಾರ ಬಲೆಗೆ ಬಂದದ್ದು ಬಂಗಡೆಗಿಂತ ಅಗ್ಗದ ತಾರ್ಲೆ. ಆದರೆ ಧಾರಾಳವಾಗಿ ಬಂತು. ಸಂಘದ ಪಾಲು ಇಪ್ಪತ್ತೆರಡು ಬುಟ್ಟಿ. ಲತಾ ಮರಳಿನ ಮೇಲೆಯೇ ಸವಾಲು ಕೂಗಿದಳು. ಬುಟ್ಟಿ ಎಂಟುನೂರರ ಆಸುಪಾಸಿನಲ್ಲಿ ಹೋಗುತ್ತಿದ್ದಾಗ ಹೋಟೆಲಿನ ಮ್ಯಾನೇಜರ್ ಕ್ಯಾಮೆರಾದವನೊಬ್ಬನನ್ನು ಕರೆದುಕೊಂಡು ಬಂದು ಜನರ ನಡುವೆ ನಿಂತ.

"ಈ ಬುಟ್ಟಿಗೆ ಹತ್ತು ಸಾವಿರ" ಎಂದ. ಕ್ಯಾಮೆರಾ ಹುಡುಗಿಯರತ್ತ ತಿರುಗಿತು.

ಜನ ಹೋ ಎಂದರು. ಜಗದೀಶನ ಮುಖ ಅರಳಿತು. ನಾಲ್ಕು ಜೊತೆ ಬೂಟಿನ ಖರ್ಚು ಅಲ್ಲಿಗೇ ಮುಗಿಯುತ್ತಿತ್ತು. ಲತಾ ಕೂಗುವುದನ್ನು ನಿಲ್ಲಿಸಿ ದುರ್ಗಿಯ ಕಡೆ ನೋಡಿದಳು.

"ಪೇಟೆ ದರ ಎಂಟ್ನೂರು" ಎಂದಳು ದುರ್ಗಿ. "ಮೇಲಿಂದು ಎಂತಕ್ಕೆ?"

"ನಮ್ಮಿಂದ ಒಂದು ಸಹಾಯ ಅಂತ, ಅಮ್ಮ."

"ಸಹಾಯಕ್ಕೆ ಬೆಳಿಗ್ಗೆ ಆರಕ್ಕೆ ಬರೂದಿತ್ತು. ಹಗ್ಗ ಖಾಲಿ ಇತ್ತು."

ದಕ್ಷಿಣದ ಹಗ್ಗದ ಗಂಡಸರೇ ಮೊದಲು ನಕ್ಕರು. ಮ್ಯಾನೇಜರ್ ಜಗದೀಶನನ್ನು ನೋಡಿದ. ಜಗದೀಶ ಸ್ವಾತಿಯನ್ನು ನೋಡಿದ. ಸ್ವಾತಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಿದ್ದಳು. ಅವಳನ್ನು ನೋಡಿ ಉಳಿದ ಮೂವರೂ ತಿರುಗಿದರು.

"ಮೀನು ಬೇಕಾರೆ ಎಂಟ್ನೂರು ಕೊಡಿ, ತಕಂಡು ಹೋಗಿ" ಎಂದಳು ಲತಾ. "ಬುಟ್ಟಿ ಹೊರೂದು ನೀವೇ ಮತ್ತೆ."

ಬರಿಗೈಯಲ್ಲಿ ಹೋಗುವುದು ಅವಮಾನವೆನಿಸಿತೋ ಏನೋ, ಅವನು ಫೋನಿನಲ್ಲೇ ಎಂಟುನೂರು ಕೊಟ್ಟ. ಬುಟ್ಟಿಯ ಒಂದು ಬದಿ ಅವನು, ಇನ್ನೊಂದು ಬದಿ ಕ್ಯಾಮೆರಾದವನು ಹಿಡಿದು ಕಾರಿನವರೆಗೆ ನಡೆದರು. ಹೆಜ್ಜೆ ಹೊಂದದೆ ಬುಟ್ಟಿ ದಾರಿಯುದ್ದಕ್ಕೂ ತುಳುಕಿತು.

ಸೋಮವಾರ ಬೆಳಿಗ್ಗೆ ಜಗದೀಶ ಕೈಗಾ ಬಸ್ಸು ಹತ್ತುವ ಮೊದಲು ಹೋಟೆಲಿಗೆ ಫೋನು ಮಾಡಿ ಬೇಡವೆಂದ. ಕೂಡಿದ ಹಣದಲ್ಲಿ ರೈಲು, ಊಟ, ವಸತಿ ಕಳೆದರೆ ಎರಡು ಜೊತೆ ಬೂಟಿಗೆ ಮಾತ್ರ ಉಳಿಯಿತು. ಯಾರಿಗೆ ಕೊಡಬೇಕೆಂದು ಅವನಿಗೆ ತೋಚಲಿಲ್ಲ. ಸ್ವಾತಿಯೇ ಹೇಳಿದಳು: "ಒಂದ್ನೇದು, ಮೂರ್ನೇದು ಓಡವ್ರಿಗೆ ಕೊಡಿ. ಅವ್ರದ್ದು ತಿರುವು, ಕಾಲು ಜಾರ್ತದೆ. ನಂದು ನೆಟ್ಟಗಿನ ದಾರಿ."

ಮಂಗಳೂರಿನ ಓಟದಲ್ಲಿ ಎಂಟು ತಂಡಗಳಿದ್ದವು. ಕೇಣಿಯ ಇಬ್ಬರು ಬರಿಗಾಲಿನವರು. ಮೂರನೆಯವಳು ಕೋಲು ಕೊಟ್ಟಾಗ ಅವರ ತಂಡ ಆರನೆಯದು. ಸ್ವಾತಿ ಇಬ್ಬರನ್ನು ದಾಟಿ ನಾಲ್ಕನೆಯವಳಾಗಿ ಗೆರೆ ಮುಟ್ಟಿದಳು. ಮೂರನೆಯವಳಿಗೂ ಅವಳಿಗೂ ಒಂದು ಗೇಣಿನ ಅಂತರವಿತ್ತು ಎಂದು ಗ್ಯಾಲರಿಯಲ್ಲಿ ನಿಂತು ನೋಡಿದ ದುರ್ಗಿ ಕೈಯಲ್ಲಿ ಅಳೆದು ತೋರಿಸುತ್ತಾಳೆ.

ಮರುದಿನ ಅವರು ಅಂಕೋಲೆಯಲ್ಲಿ ರೈಲಿಳಿದು ಕೇಣಿಗೆ ಬಂದಾಗ ತುಳಸಿದಾಸ ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ.

"ನಾಲ್ಕ್ನೇದಂತೆ?"

"ಹೌದು."

"ನಾಲ್ಕ್ನೇದಕ್ಕೆ ಎಂತ ಕೊಟ್ರು?"

"ಎಂತದೂ ಇಲ್ಲ."

"ಮತ್ತೆ?"

ದುರ್ಗಿ ಕೈಚೀಲವನ್ನು ಮರಳಿನ ಮೇಲಿಟ್ಟು ಕಡಲಿನ ಕಡೆ ನೋಡಿದಳು. "ಮತ್ತೆ ಎಂತ? ಇನ್ನೆರಡು ಜೊತೆ ಬೂಟು ಬರೂದು ಬಾಕಿ ಅದೆ. ಈ ಭಾನ್ವಾರ ಬಲೆ ಎಷ್ಟೊತ್ತಿಗೆ ಬಿಡ್ತ್ರಿ, ಅದ್ನ ಹೇಳಿ."