ಕಾಲುಸುತ್ತು

ಅವನ ಬಾಯಿಗೆ ಹೆದರಿ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಮಾತ್ರ ಎಲ್ಲರಿಗೂ ಅವನು ‘ಕಾಲುಸುತ್ತು’. ವಿಮಾನ ಹಾರಿಸುವವರ ಮೈ ಎಷ್ಟು ವೇಗ ತಡೆದೀತು ಎಂದು ತಿಳಿಯಲು ವೈದ್ಯರು ಅವರನ್ನು ಕೂರಿಸಿ ಗಿರಗಿರನೆ ತಿರುಗಿಸುತ್ತಿದ್ದ ಯಂತ್ರಕ್ಕೆ ಅವನು ಮೂವತ್ತೊಂದು ವರ್ಷ ಮೆಕ್ಯಾನಿಕ್. ಯಂತ್ರ ನಿಂತು, ತಾನು ನಿವೃತ್ತನಾದ ಮೇಲೂ ಪ್ರತಿ ಸೋಮವಾರ ಬಂದು, ಅದರ ಉದ್ದನೆಯ ಉಕ್ಕಿನ ತೋಳಿಗೆ ಹೆಗಲು ಕೊಟ್ಟು ಕಾಲು ಸುತ್ತು ತಿರುಗಿಸಿ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಹೋಗುತ್ತಿದ್ದ. ಭಾರ ಒಂದೇ ಕಡೆ ಕೂತರೆ ಬೇರಿಂಗ್ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಯಂತ್ರ ಸತ್ತಂತೆ.

ಅದನ್ನು ಜನರಿಗೆ ತೋರಿಸಲು ಹೊಸ ಅಧಿಕಾರಿಯೊಬ್ಬಳು ಬಂದಳು. ಗೋಡೆಗೆ ಬಣ್ಣ, ಸುತ್ತ ಹಗ್ಗ, ಸೀಟಿನಲ್ಲಿ ಹೆಲ್ಮೆಟ್ ಹಾಕಿದ ಬೊಂಬೆ. ಯಾರಾದರೂ ತಳ್ಳಿ ಇನ್ಯಾರಿಗೋ ಬಡಿದೀತೆಂದು ತೋಳನ್ನು ನಡುಗಂಬಕ್ಕೆ ಬೆಸೆದುಬಿಡಲು ಹೇಳಿದಳು. ಬೆಸೆಯಲು ಕಟ್ಟಡದ ಹಿಂದಿನ ವರ್ಕ್‌ಶಾಪಿನಿಂದ ಬಂದ ವೆಲ್ಡರ್ ಕಾಲುಸುತ್ತಿನ ಸ್ವಂತ ಅಳಿಯ. ಇಬ್ಬರಿಗೂ ಮೊದಲ ದಿನದಿಂದ ಎಣ್ಣೆ ಸೀಗೆಕಾಯಿ.

ಮುದುಕ ಬೊಂಬೆಯನ್ನು ಕಿತ್ತೆಸೆದು ತಾನೇ ಸೀಟಿನಲ್ಲಿ ಕೂತ.

“ಮಾವ, ಇಳೀರಿ. ಕಿಡಿ ಹಾರುತ್ತೆ.”

“ಹಾರಲಿ. ನನ್ನನ್ನೂ ಸೇರಿಸಿ ಬೆಸೆದುಬಿಡು. ನಿನ್ನ ಬೆಸುಗೆ ತಾನೆ, ನಾಳೆಗೆ ಬಿಟ್ಟುಹೋಗುತ್ತೆ.”

“ಬೊಂಬೆನೇ ವಾಸಿಯಾಗಿತ್ತು. ಬಾಯಿರಲಿಲ್ಲ.”

“ರೀ, ಇದು ನಿಮ್ಮ ಮನೆ ಆಸ್ತಿಯಲ್ಲ,” ಎಂದಳು ಅಧಿಕಾರಿ.

“ನಿಮ್ಮದೂ ಅಲ್ಲಮ್ಮ. ಹೆಣಕ್ಕೆ ಬಣ್ಣ ಬಳಿದು, ಬಂದು ನೋಡಿ ಅಂತ ಜನರನ್ನ ಕರೀತೀರಲ್ಲ, ನಾಚಿಕೆಯಾಗಲ್ವೆ?”

ಕಾವಲುಗಾರರು ರಟ್ಟೆ ಹಿಡಿದು ಇಳಿಸಿದರು. ಇನ್ನು ಬರುವುದಾದರೆ ಎಲ್ಲರಂತೆ ಸಾಲಿನಲ್ಲಿ ಬಂದು ಹಗ್ಗದಾಚೆ ನಿಲ್ಲಬೇಕೆಂದು ಅಪ್ಪಣೆಯಾಯಿತು.

ಎರಡು ವಾರದ ನಂತರ ಬಾಗಿಲು ತೆರೆದ ದಿನ ಅವನು ಸಾಲಿನಲ್ಲೇ ಬಂದ, ಹೆಣ ನೋಡಲು. ಬೆಸುಗೆ ಕಾಣಲಿಲ್ಲ. ಕಂಬದ ನಾಲ್ಕು ದಿಕ್ಕಿಗೂ ತೂತು ಕೊರೆದು, ಒಂದರಲ್ಲಿ ಹೆಬ್ಬೆರಳು ಗಾತ್ರದ, ಕಿತ್ತು ಬದಲಿಸಬಹುದಾದ ಸರಳು ತೂರಿಸಿ, ತೋಳಿಗೆ ಬೀಗ ಹಾಕಿತ್ತು. ತೋಳು ಅಲುಗದಿದ್ದರೆ ಅಧಿಕಾರಿಗೆ ಸಾಕಿತ್ತು. ನೆಲದ ಮೇಲೆ ಅವನ ಹಳೆಯ ಗೆರೆಯಾಚೆ, ಸೊಟ್ಟಪಟ್ಟ, ಹೊಸ ಗೆರೆಗಳು ಎರಡಿದ್ದವು.

ಅವನು ನೇರ ಹಿಂದಿನ ವರ್ಕ್‌ಶಾಪಿಗೆ ಹೋದ.

“ಒಂದು ತೂತು ನಾಲ್ಕು ಬೆರಳು ಆಚೆ ಬಿದ್ದಿದೆ. ಕಣ್ಣು ಎಲ್ಲಿಟ್ಟಿದ್ದೆ?”

“ಸೋಮವಾರ ತೆಪ್ಪಗೆ ಮನೇಲಿ ಬಿದ್ದಿರಿ,” ಎಂದ ಅಳಿಯ, ತಲೆ ಎತ್ತದೆ.

ಮುದುಕ ಜೇಬಿನಲ್ಲಿದ್ದ ಸೀಮೆಸುಣ್ಣದ ತುಂಡನ್ನು ಅವನ ಮೇಜಿನ ಮೇಲೆ ಎಸೆದ.

“ಗೆರೆನಾದ್ರೂ ನೆಟ್ಟಗೆ ಎಳಿ, ದರಿದ್ರದವನೇ.”